ಉಯಿಲಿನಲ್ಲಿ ಕಂಡದ್ದೆಲ್ಲ ಅವನದಲ್ಲ

"ಮೇಡಂ, ಕೊನೆಗೂ ಅವನು ಎಷ್ಟು ಬಿಟ್ಟು ಹೋದ?"

ಹಳೆಯ ಸ್ಪ್ಯಾನಿಷ್ ದಸ್ತಾವೇಜುಗಳನ್ನು ಓದಿ ಅನುವಾದ ಮಾಡಿಕೊಡುವುದು ನನ್ನ ಕೆಲಸ. ಮೆಕ್ಸಿಕೊ, ಲಿಮಾ, ಮನಿಲಾ ಸ್ಪೇನಿನ ಕೈಯಲ್ಲಿದ್ದ ಕಾಲದ ವ್ಯಾಪಾರಿಗಳ ಉಯಿಲುಗಳೇ ಜಾಸ್ತಿ ಬರುತ್ತವೆ. ಕಳಿಸುವವರಲ್ಲಿ ಸಂಶೋಧನೆಯ ವಿದ್ಯಾರ್ಥಿಗಳಿದ್ದಾರೆ, ಕಾದಂಬರಿ ಬರೆಯುವವರಿದ್ದಾರೆ, ಮನೆತನದ ಮೂಲ ಹುಡುಕುವವರೂ ಇದ್ದಾರೆ. ಯಾರೇ ಆಗಲಿ, ಅನುವಾದ ಕೈಗೆ ಸಿಕ್ಕ ಕೂಡಲೇ ಕೇಳುವುದು ಈ ಪ್ರಶ್ನೆಯನ್ನೇ. ಆ ಉಯಿಲಿನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬಿಡಿಸಿ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ತುಂಬಾ ಶ್ರದ್ಧೆಯ ಹುಡುಗ. ಮೆಕ್ಸಿಕೊ ನಗರದ ಒಬ್ಬ ವ್ಯಾಪಾರಿಯ ಉಯಿಲಿನಲ್ಲಿದ್ದ ಎಲ್ಲ ಅಂಕಿಗಳನ್ನೂ ಕೂಡಿಸಿದ್ದ. ಮನೆ, ಅಂಗಡಿಯ ಸರಕು, ಬೆಳ್ಳಿ ಪಾತ್ರೆ, ಊರೂರಿನಿಂದ ಬರಬೇಕಾದ ಬಾಕಿ, ಎಲ್ಲ ಸೇರಿಸಿ 'ಭಾರಿ ಶ್ರೀಮಂತ' ಅಂತ ಇಡೀ ಅಧ್ಯಾಯ ಬರೆದುಬಿಟ್ಟಿದ್ದ. ಹಾಳೆ ಹಿಂದಕ್ಕೆ ತಿರುಗಿಸಿ, ಆ ವ್ಯಾಪಾರಿ ಕೊಡಬೇಕಾದ ಸಾಲದ ಸಾಲುಗಳನ್ನು ತೋರಿಸಿದೆ. ಅದನ್ನೂ ಅವನು ಕೂಡಿಸಿಯೇ ಇದ್ದ! 'ದೆವೊ' ಅಂದರೆ ನಾನು ಕೊಡಬೇಕು. 'ಮೆ ದೆವೆನ್' ಅಂದರೆ ನನಗೆ ಬರಬೇಕು. ಇವೆರಡನ್ನು ಬೇರೆ ಮಾಡದೆ ಮುಂದಿನ ಸಾಲಿಗೆ ಹೋಗಲೇಬಾರದು.

ಈ ಉಯಿಲುಗಳು ಸಾಮಾನ್ಯವಾಗಿ ದೇವರ ಹೆಸರಿನಿಂದ ಶುರುವಾಗುತ್ತವೆ. ಮೈಗೆ ಕಾಯಿಲೆ ಇದೆ, ಬುದ್ಧಿ ಸರಿಯಾಗಿದೆ ಅಂತ ಬರೆಸುತ್ತಾನೆ. ಎಲ್ಲಿ ಹೂಳಬೇಕು, ಎಷ್ಟು ಪೂಜೆ ಮಾಡಿಸಬೇಕು ಅಂತ ಹೇಳುತ್ತಾನೆ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಉಡುಪು ತೊಡಿಸಿ ಹೂಳಿ ಅನ್ನುವವರು ಬಹಳ. ಆಮೇಲೆ ಸಾಲದ ಮಾತು. ಕೊಡಬೇಕಾದ್ದನ್ನು ಕೊಡದೆ ಪಾಪ ಕಳೆಯುವುದಿಲ್ಲ ಅಂತ ಅವರ ಚರ್ಚು ಕಲಿಸಿತ್ತು. ಋಣ ಉಳಿಸಿಕೊಂಡು ಹೋಗಬಾರದು ಅನ್ನುವ ಮಾತು ನಮಗೂ ಹೊಸದಲ್ಲ, ಅಲ್ವಾ? ಅದಕ್ಕೇ ಒಂದು ಬಗೆಯ ಸಾಲು ಆಗಾಗ ಕಾಣುತ್ತದೆ: ಪುಸ್ತಕದಲ್ಲಿ ಇಲ್ಲದಿದ್ದರೂ, ಯಾರಾದರೂ ಬಂದು ಇಷ್ಟು ಪೆಸೊವರೆಗೆ ಬರಬೇಕು ಅಂತ ಪ್ರಮಾಣ ಮಾಡಿದರೆ ಕೊಟ್ಟುಬಿಡಿ. ಸಾಯುವ ಹೊತ್ತಿನಲ್ಲಿ ಮರೆತುಹೋದ ಸಾಲವನ್ನೂ ನೆನೆಯುವ ಈ ಸಾಲು ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಡುತ್ತೇನೆ. ಇವರಲ್ಲಿ ಕಠಿಣ ಮನುಷ್ಯರು ಬೇಕಾದಷ್ಟು ಇದ್ದರು. ಆದರೂ ಈ ಸಾಲು ಬರೆಸಿದವರ ಮೇಲೆ ನನಗೆ ಪ್ರೀತಿ ಹುಟ್ಟುತ್ತದೆ.

ಇನ್ನು ಬರಬೇಕಾದ ಬಾಕಿ. ಅಲ್ಲಿನ ವ್ಯಾಪಾರ ನಡೆದದ್ದೇ ಉದ್ರಿಯ ಮೇಲೆ. ಮೆಕ್ಸಿಕೊ ನಗರದ ದೊಡ್ಡ ವ್ಯಾಪಾರಿ ಒಳನಾಡಿನ ಸಣ್ಣ ಅಂಗಡಿಯವನಿಗೆ ಸರಕನ್ನು ಉದ್ರಿ ಕೊಡುತ್ತಿದ್ದ. ಜಿಲ್ಲೆಯ ಅಧಿಕಾರಿಗಳಿಗೂ ಕೊಡುತ್ತಿದ್ದ. ಅವರು ಅದನ್ನು ಹಳ್ಳಿಯ ಮೂಲನಿವಾಸಿಗಳ ಮೇಲೆ ಹೇರಿ, ಬದಲಿಗೆ ಅವರ ಬೆಳೆ ತೆಗೆದುಕೊಳ್ಳುತ್ತಿದ್ದರು. ಒಹಾಕಾ ಕಡೆಯಲ್ಲಾದರೆ ಕೊಚಿನೀಲ್, ಅಂದರೆ ಕಳ್ಳಿಗಿಡದ ಮೇಲೆ ಬೆಳೆಯುವ ಹುಳುವಿನಿಂದ ಮಾಡುವ ಕೆಂಪು ಬಣ್ಣ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಬಾಕಿ ಮುಳುಗಿದಂತೆಯೇ. ಆದ್ದರಿಂದ ಉಯಿಲಿನಲ್ಲಿ 'ಬರಬೇಕು' ಅಂತ ಇರುವ ಮೊತ್ತವನ್ನು ದುಡ್ಡು ಅಂತ ಓದಬೇಡಿ. ಅವನು ಸತ್ತ ಮೇಲೆ ಮಾಡಿದ ಪಟ್ಟಿ ಸಿಕ್ಕರೆ ನೋಡಿ. ಅದರಲ್ಲಿ ಕೆಲವೊಮ್ಮೆ ಬರುವ ಬಾಕಿ, ಅನುಮಾನದ ಬಾಕಿ, ಮುಳುಗಿದ ಬಾಕಿ ಅಂತ ಬೇರೆ ಬೇರೆ ಮಾಡಿರುತ್ತಾರೆ.

ಎರಡನೆಯದು ಹೆಂಡತಿಯ ಪಾಲು. 'ದೋತೆ' ಅನ್ನುವ ಪದವನ್ನು ನಮ್ಮವರು ಕಣ್ಣು ಮುಚ್ಚಿ 'ವರದಕ್ಷಿಣೆ' ಅಂತ ಬರೆದುಬಿಡುತ್ತಾರೆ. ದಯವಿಟ್ಟು ಬೇಡ. ಅದು ಹೆಣ್ಣಿನ ಕಡೆಯಿಂದ ಬಂದದ್ದು ನಿಜ. ಗಂಡ ಅದನ್ನು ವ್ಯಾಪಾರದಲ್ಲಿ ಹಾಕಬಹುದಿತ್ತು, ನೋಡಿಕೊಳ್ಳಬಹುದಿತ್ತು. ಆದರೆ ಅದು ಅವನದಾಗುತ್ತಿರಲಿಲ್ಲ. ಮದುವೆ ಮುಗಿದರೆ ಅವಳಿಗೆ, ಇಲ್ಲವೇ ಅವಳ ವಾರಸುದಾರರಿಗೆ ವಾಪಸು ಹೋಗಬೇಕಿತ್ತು. ನಮ್ಮ ಮಾತಿನಲ್ಲಿ ಸ್ತ್ರೀಧನಕ್ಕೆ ಹತ್ತಿರ. ಬಳುವಳಿ ಅಂದರೂ ನಡೆಯುತ್ತದೆ. ಇದಲ್ಲದೆ ಮದುವೆಯಾದ ಮೇಲೆ ದುಡಿದು ಕೂಡಿಸಿದ್ದರಲ್ಲಿ ಅರ್ಧ ಅವಳದೇ. ಹಾಗಾಗಿ 'ಹೆಂಡತಿಗೆ ಎಷ್ಟೊಂದು ಬರೆದುಕೊಟ್ಟಿದ್ದಾನೆ, ಎಂಥ ಉದಾರಿ' ಅಂತ ಯಾರಾದರೂ ಬರೆದರೆ ನನಗೆ ತಡೆಯಲು ಆಗುವುದಿಲ್ಲ. ಅವಳದನ್ನು ಅವಳಿಗೆ ಕೊಟ್ಟಿದ್ದಾನೆ, ಅಷ್ಟೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ನಾನೇ ಇಟ್ಟುಕೊಂಡವು, ಅರ್ಥವಾಗಲಿ ಅಂತ. ವ್ಯಾಪಾರಿಯ ಹೆಸರಲ್ಲಿ ಕಾಣುವುದು ಒಟ್ಟು 60,000 ಪೆಸೊ. ಬಾಕಿಯೆಲ್ಲ ವಸೂಲಾಯಿತು ಅಂತಲೇ ಇಟ್ಟುಕೊಳ್ಳೋಣ. ಸಾಲ 20,000. ಅದು ಮೊದಲು ಹೋಯಿತು. ಉಳಿದದ್ದು 40,000. ಹೆಂಡತಿಯ ಬಳುವಳಿ 5,000 ಅವಳಿಗೆ. ಮದುವೆಗೆ ಮುಂಚೆ ಅವನ ಹತ್ತಿರ ಇದ್ದದ್ದು 5,000 ಅವನಿಗೆ. ನಡುವೆ ಕೂಡಿದ್ದು 30,000. ಅದರಲ್ಲಿ ಅರ್ಧ, 15,000, ಅವಳದು. ಅವನ ಪಾಲಿಗೆ ಬಂದದ್ದು 20,000.

ಇದನ್ನಾದರೂ ಮನಸ್ಸಿಗೆ ಬಂದವರಿಗೆ ಕೊಡಬಹುದೇ? ಮಕ್ಕಳಿದ್ದರೆ ಇಲ್ಲ. ಸ್ಪೇನಿನ 1505ರ ತೋರೊ ಕಾನೂನುಗಳು ಸಮುದ್ರದಾಚೆಗೂ ನಡೆಯುತ್ತಿದ್ದವು. ಅವುಗಳ ಪ್ರಕಾರ ಐದರಲ್ಲಿ ನಾಲ್ಕು ಪಾಲು ಮಕ್ಕಳಿಗೇ ಹೋಗಬೇಕು. ಅದರೊಳಗೆ ಮೂರನೇ ಒಂದು ಭಾಗವನ್ನು ಒಬ್ಬ ಮಗನಿಗೋ ಮಗಳಿಗೋ ಹೆಚ್ಚಾಗಿ ಕೊಡಲು ಅವಕಾಶವಿತ್ತು. ಆದರೂ ಅದು ಮಕ್ಕಳ ಒಳಗೇ ಇರಬೇಕು. ಅವನ ಇಷ್ಟಕ್ಕೆ ಉಳಿದದ್ದು ಐದರಲ್ಲಿ ಒಂದು, ಅಂದರೆ 4,000. ಪೂಜೆ, ದಾನ, ಸೇವಕರಿಗೆ ಕೊಡುಗೆ, ಎಲ್ಲ ಇದರಲ್ಲೇ. ಅರವತ್ತು ಸಾವಿರದ ಒಡೆಯ ಅಂತ ಕಂಡವನ ಕೈಯಲ್ಲಿ ನಿಜವಾಗಿ ಇದ್ದದ್ದು ನಾಲ್ಕು ಸಾವಿರ! ಮಕ್ಕಳಿಲ್ಲದವನ ಲೆಕ್ಕ ಬೇರೆ. ತಂದೆ ತಾಯಿ ಬದುಕಿದ್ದರೆ ಇನ್ನೂ ಬೇರೆ. ಹಾಗಾಗಿ ಈ ಲೆಕ್ಕವನ್ನು ಎಲ್ಲ ಉಯಿಲಿಗೂ ಸುಮ್ನೆ ಅಂಟಿಸಬೇಡಿ.

ಮನೆಯ ವಿಚಾರದಲ್ಲೂ ಎಚ್ಚರ ಬೇಕು. ಬಹಳ ಮನೆಗಳ ಮೇಲೆ ಚರ್ಚಿನ ಅಥವಾ ಮಠದ ಹಣ ಕೂತಿರುತ್ತಿತ್ತು. ಅದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ 5ರಂತೆ ಕಟ್ಟಬೇಕು. ಅಸಲು ತೀರಿಸಲು ಯಾರಿಗೂ ಅವಸರ ಇರುತ್ತಿರಲಿಲ್ಲ. ಮನೆಯ ಬೆಲೆ ಬರೆಯುವಾಗ ಇದನ್ನು ಕಳೆಯಿರಿ.

ಮನಿಲಾದ ಉಯಿಲುಗಳಂತೂ ಇನ್ನೂ ಕಷ್ಟ. ಅಲ್ಲಿಂದ ಮೆಕ್ಸಿಕೊದ ಅಕಪುಲ್ಕೊ ಬಂದರಿಗೆ ಹಡಗು ಹೋಗಿ, ಬೆಳ್ಳಿ ತುಂಬಿಕೊಂಡು ವಾಪಸು ಬರಬೇಕು. 1565ರಿಂದ 1815ರವರೆಗೆ ನಡೆದ ವ್ಯಾಪಾರ ಇದು. ಈ ಹಡಗಿನ ಮೇಲೆ ತೆಗೆದ ಸಾಲಕ್ಕೆ ಒಂದು ಷರತ್ತು ಇತ್ತು: ಹಡಗು ಮುಳುಗಿದರೆ ಸಾಲವೂ ಮುಳುಗಿತು. ಹಾಗಾಗಿ ಹಡಗು ಇನ್ನೂ ನೀರಿನ ಮೇಲಿರುವಾಗ ಬರೆಸಿದ ಉಯಿಲಿನಲ್ಲಿ ಕೊಡಬೇಕಾದ್ದೂ ಗೊತ್ತಿಲ್ಲ, ಬರಬೇಕಾದ್ದೂ ಗೊತ್ತಿಲ್ಲ. 1743ರಲ್ಲಿ ಇಂಗ್ಲಿಷ್ ನೌಕಾಧಿಕಾರಿ ಆನ್ಸನ್, ಬೆಳ್ಳಿ ಹೊತ್ತು ಬರುತ್ತಿದ್ದ ಕೊವಡೊಂಗಾ ಹಡಗನ್ನು ಹಿಡಿದ. 13 ಲಕ್ಷ ಪೆಸೊಗೂ ಹೆಚ್ಚು ಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಬರೆದ ಉಯಿಲು ಕೈಗೆ ಬಂದರೆ ಆ ಅಂಕಿಗಳನ್ನು ಹೇಗೆ ನಂಬುತ್ತೀರಿ?

ಮನಿಲಾದ ವ್ಯಾಪಾರಿಗಳು ಸಾಯುವಾಗ ಧರ್ಮದ ನಿಧಿಗಳಿಗೂ ಹಣ ಬಿಡುತ್ತಿದ್ದರು. ಮಿಸೆರಿಕೊರ್ದಿಯಾ ಎಂಬ ಸಂಘ ಅದರಲ್ಲಿ ಹೆಸರಾಂತದ್ದು. ಆ ಹಣದಲ್ಲಿ ಒಂದು ಪಾಲು ಎತ್ತಿಟ್ಟು, ಉಳಿದದ್ದನ್ನು ಮತ್ತೆ ಹಡಗಿನ ವ್ಯಾಪಾರಕ್ಕೇ ಸಾಲ ಕೊಡುತ್ತಿದ್ದರು. ಅದು ಅಕಪುಲ್ಕೊಗೂ ಹೋಗುತ್ತಿತ್ತು, ಚೀನಾಕ್ಕೂ, ನಮ್ಮ ಕೋರಮಂಡಲ ತೀರಕ್ಕೂ. ಬಟ್ಟೆ ಕೊಳ್ಳಲು ಆ ತೀರಕ್ಕೆ ಬಂದ ಬೆಳ್ಳಿಯಲ್ಲಿ ಸತ್ತವರು ಬಿಟ್ಟ ಹಣವೂ ಇತ್ತು.

ಈ ಪಟ್ಟಿಗಳಲ್ಲಿ ಮನುಷ್ಯರೂ ಇರುತ್ತಾರೆ. ಗುಲಾಮರ ಹೆಸರು, ಅಂದಾಜು ವಯಸ್ಸು, ಬೆಲೆ. ಅದನ್ನು ಟೈಪ್ ಮಾಡುವಾಗ ಇಷ್ಟು ವರ್ಷವಾದರೂ ಕೈ ನಿಧಾನವಾಗುತ್ತದೆ. ಭಾರತದಿಂದ ಹಿಡಿದು ತಂದು, ಮನಿಲಾ ದಾರಿಯಾಗಿ ಮೆಕ್ಸಿಕೊದ ಪ್ವೆಬ್ಲಾ ಊರಿಗೆ ಮಾರಿದ ಹುಡುಗಿ ಮುಂದೆ ಕತರೀನಾ ದೆ ಸಾನ್ ಹ್ವಾನ್ ಅಂತ ಹೆಸರಾದಳು. ಅವಳನ್ನು ಕೊಂಡಿದ್ದ ಮಿಗೆಲ್ ದೆ ಸೋಸಾ ತನ್ನ ಉಯಿಲಿನಲ್ಲಿ ಅವಳನ್ನು ಬಿಡುಗಡೆ ಮಾಡಿದ. ಅವಳು 1688ರಲ್ಲಿ ತೀರಿಕೊಂಡಾಗ ಊರಿಗೆ ಊರೇ ಸೇರಿತ್ತು.

ವಾರಸುದಾರರು ಸ್ಪೇನಿನಲ್ಲಿದ್ದರೆ ಅದಕ್ಕೆ ಬೇರೆ ನ್ಯಾಯಾಲಯವೇ ಇತ್ತು. ಸತ್ತವರ ಸ್ವತ್ತು ನೋಡಿಕೊಳ್ಳುವ ನ್ಯಾಯಾಲಯ ಅದು. ಸಾಮಾನು ಹರಾಜು ಹಾಕಿ, ಹಣವನ್ನು ಸೆವಿಲ್ಲಾದ ವ್ಯಾಪಾರ ಕಚೇರಿಗೆ ಕಳಿಸುತ್ತಿದ್ದರು. ಅಲ್ಲಿಂದ ಹಳ್ಳಿಯಲ್ಲಿರುವ ತಾಯಿಯನ್ನೋ ತಂಗಿಯನ್ನೋ ಹುಡುಕಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು. ಆ ಕಡತಗಳು ಈಗ ಸೆವಿಲ್ಲಾದ ಇಂಡೀಸ್ ದಾಖಲೆ ಭಂಡಾರದಲ್ಲಿವೆ. 1785ರಲ್ಲಿ ಅದನ್ನು ತೆರೆದದ್ದು ವ್ಯಾಪಾರಿಗಳು ತಮ್ಮ ವ್ಯವಹಾರಕ್ಕೆ ಕಟ್ಟಿಸಿಕೊಂಡಿದ್ದ ಕಟ್ಟಡದಲ್ಲೇ. ಎಷ್ಟೋ ಕಡತಗಳ ಚಿತ್ರಗಳನ್ನು 'ಪಾರೆಸ್' ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು.

ಹಾಗಾಗಿ ನನಗೆ ಉಯಿಲು ಕಳಿಸುವಾಗ ಅದೊಂದನ್ನೇ ಕಳಿಸಬೇಡಿ. ಅದರ ಹಿಂದೆ ಮುಂದೆ ಇರುವ ಹಾಳೆಗಳನ್ನೂ ಸೇರಿಸಿ. ಸಾವಿನ ನಂತರದ ಸಾಮಾನಿನ ಪಟ್ಟಿ ಇದೆಯೇ, ಹರಾಜಿನ ಲೆಕ್ಕ ಇದೆಯೇ, ಪಾಲು ಮಾಡಿದ ಕಾಗದ ಇದೆಯೇ ನೋಡಿ. ಮದುವೆಯ ಹೊತ್ತಿನ ಬಳುವಳಿ ಪತ್ರ ಸಿಕ್ಕರೆ ಇನ್ನೂ ಒಳ್ಳೆಯದು; ಅದು ಎಷ್ಟೋ ಸಲ ಇಪ್ಪತ್ತು ಮೂವತ್ತು ವರ್ಷ ಹಿಂದಿನ ಬೇರೆ ಕಟ್ಟಿನಲ್ಲಿ ಇರುತ್ತದೆ. ಇಂಗ್ಲಿಷಿನ ಯು ಅಕ್ಷರದಂತೆ ಕಾಣುವ ಗುರುತನ್ನು ಅಕ್ಷರ ಅಂತ ಓದಬೇಡಿ, ಅದು ಸಾವಿರದ ಗುರುತು. ಆ ಹುಡುಗ ಈಗ ಪಾಲಿನ ಕಾಗದ ಹುಡುಕುತ್ತಿದ್ದಾನೆ. ಅಧ್ಯಾಯವನ್ನು ಅಲ್ಲಿಯವರೆಗೆ ಪಕ್ಕಕ್ಕೆ ಇಟ್ಟಿದ್ದಾನೆ.