ಸಣ್ಣ ಲೆನ್ಸು ಬೇಕಾ, ಮೊದ್ಲು ರಿಂಗು ಹಿಡಿದು ನೋಡಿ

ಹೋದ ವಾರ ಕೋಲಾರದಲ್ಲಿ ನನ್ನ ರಿಪೇರಿ ಟೇಬಲ್ ಹತ್ರ ಒಬ್ಬ ಹುಡುಗ ಅವರಪ್ಪನ ಪೆಂಟಾಕ್ಸ್ ಕೆ1000 ಫಿಲಂ ಕ್ಯಾಮೆರಾ ಹಿಡ್ಕೊಂಡು ಬಂದ, ಬೆಳಗ್ಗೆ ಬೇಗ ಟೊಮೇಟೊ ಮಂಡಿಗೆ ಹೋಗಿ ಶೆಡ್ ಒಳಗೆ ಕ್ರೇಟ್ ಇಳಿಸೋರ ಫೋಟೋ ತೆಗೀಬೇಕಂತೆ, "ಅಣ್ಣಾ, 40 ಎಂಎಂ ಪ್ಯಾನ್‌ಕೇಕ್, ಆ ಚಪ್ಪಟೆ ಲೆನ್ಸು, ಹಾಕಿದ್ರೆ ಜೇಬಿಗೆ ಹೋಗತ್ತಲ್ವಾ?" ಅಂದ. ಬಾಡಿನೇ 600 ಗ್ರಾಂ ಮೇಲಿದೆ, ಜೇಬಿಗೆ ಎಲ್ಲಿ ಹೋಗತ್ತಪ್ಪಾ ಅಂದೆ.

ಲೆಕ್ಕ ನೋಡಿ, ಎಫ್ ಅಂಕೆ ಚಿಕ್ಕದಾದಷ್ಟೂ ಲೆನ್ಸು ಬೆಳಕು ಜಾಸ್ತಿ ಬಿಡತ್ತೆ. ಪೆಂಟಾಕ್ಸ್ ಎಂ 40 ಎಂಎಂ ಎಫ್ 2.8 ಉದ್ದ 18 ಮಿಮೀ, ತೂಕ 110 ಗ್ರಾಂ. ಅದೇ ಸೀರೀಸ್‌ನ 50 ಎಂಎಂ ಎಫ್ 1.7 ಉದ್ದ 31 ಮಿಮೀ, ತೂಕ 185 ಗ್ರಾಂ. ಉಳಿಯೋದು 13 ಮಿಮೀ, 75 ಗ್ರಾಂ ಅಷ್ಟೇ, ಅದಕ್ಕೆ ಕಳ್ಕೊಳ್ಳೋದು ಎಷ್ಟು ಅಂದ್ರೆ 1.7 ಲೆನ್ಸು ಪೂರ್ತಿ ತೆರೆದಾಗ ಎರಡೂವರೆ ಪಟ್ಟಿಗಿಂತ ಜಾಸ್ತಿ ಬೆಳಕು ಬಿಡತ್ತೆ, ಶೆಡ್ ಒಳಗೆ 400 ಸ್ಪೀಡಿನ ಫಿಲಂ ಹಾಕ್ಕೊಂಡು ನಿಂತಾಗ ಕೈ ಅಲ್ಲಾಡದ ಫೋಟೋಗೂ ಅಲ್ಲಾಡಿದ ಫೋಟೋಗೂ ಇರೋ ವ್ಯತ್ಯಾಸನೇ ಅದು.

ಅದಕ್ಕಿಂತ ಮುಖ್ಯವಾದ್ದು ಫೋಕಸ್ ರಿಂಗು. ಪ್ಯಾನ್‌ಕೇಕಲ್ಲಿ ಅದೊಂದು ತೆಳ್ಳನೆ ಪಟ್ಟಿ, ಕಣ್ಣು ವ್ಯೂಫೈಂಡರಲ್ಲಿ ಇಟ್ಟಾಗ ಬೆರಳು ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸೋ ಅಪರ್ಚರ್ ರಿಂಗಿಗೇ ಹೋಗಿ ಕೂರತ್ತೆ. ಕೆ1000ನಲ್ಲಿ ವ್ಯೂಫೈಂಡರ್ ನಡುವಿನ ಮೈಕ್ರೋಪ್ರಿಸಂ ವೃತ್ತ ಮಿನುಗೋದು ನಿಂತಾಗಲೇ ಫೋಕಸ್ ಆಯ್ತು ಅಂತ ಗೊತ್ತಾಗೋದು, ಆ ಮಿನುಗು 1.7ನಲ್ಲಿ ತುಂಬಾ ಚೆನ್ನಾಗಿ ಕಾಣತ್ತೆ. ಎರಡನ್ನೂ ಅವನ ಕೈಗೆ ಕೊಟ್ಟೆ, ಹುಡುಗ ಎರಡೇ ನಿಮಿಷಕ್ಕೆ 40 ವಾಪಸ್ ಇಟ್ಟ.

ಹಾಗಂತ 40 ಕೆಟ್ಟದ್ದಲ್ಲ. 24 x 36 ಮಿಮೀ ಫಿಲಂ ಫ್ರೇಮಿನ ಕರ್ಣ ಸುಮಾರು 43 ಮಿಮೀ, 40 ಅದಕ್ಕೆ ಹತ್ತಿರ, 50ಕ್ಕಿಂತ ಸ್ವಲ್ಪ ಅಗಲವಾಗಿ ನೋಡತ್ತೆ, ಹಾಗಾಗಿ ಅದರ ನೋಟ ಇಕ್ಕಟ್ಟಾದ ಜಾಗದಲ್ಲಿ ನಿಜಕ್ಕೂ ಹಿತವಾಗಿರತ್ತೆ, ಬಿಸಿಲಲ್ಲಿ ಓಡಾಡೋರಿಗೆ ಧಾರಾಳ ಸಾಕು.

ನಿಕಾನ್ ಇರೋರು ಸೀರೀಸ್ ಇ 50 ಎಂಎಂ 1.8 ನೋಡಿ, ಪುಟ್ಟದು, ಹಗುರ. ಆದ್ರೆ ಅಪರ್ಚರ್ ಎಷ್ಟಿದೆ ಅಂತ ಬಾಡಿಗೆ ತಿಳಿಸೋ ಮೇಲಿನ ಲೋಹದ ಕೊಂಬು ಅದಕ್ಕೆ ಇರಲ್ಲ, ನಿಕಾನ್‌ನ ಹಳೇ ನಿಕೊರ್ಮ್ಯಾಟ್ ಬಾಡಿಲಿ ಬೆಳಕಳೆಯೋ ಮೀಟರಿಗೆ ಕೂಡಲ್ಲ. ಒಲಿಂಪಸ್ ಓಎಂ ಇರೋರಿಗೆ ಜುಯಿಕೊ 50 ಎಂಎಂ 1.8 ಸಾಕು, ಯೋಚನೆನೇ ಬೇಡ.

ಯಾವುದೇ ತಗೊಳ್ಳಿ, ದುಡ್ಡು ಕೊಡೋ ಮುಂಚೆ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ಎಳೆ ತರ ಕಂಡ್ರೆ ಫಂಗಸ್ಸು, ವರ್ಷಗಟ್ಟಲೆ ಲೆದರ್ ಕೇಸಲ್ಲಿ ಬೀರುವಿನೊಳಗೆ ಇಟ್ಟಿದ್ದಕ್ಕೆ ಇದು ಬಹಳ. ತೊಳೆದ್ರೂ ಕೆಲವು ಸಲ ಕೋಟಿಂಗ್ ಮೇಲೆ ಗುರುತು ಉಳಿದುಬಿಡತ್ತೆ. ಆಮೇಲೆ ಪೆಂಟಾಕ್ಸ್, ನಿಕಾನ್ ಲೆನ್ಸಾದ್ರೆ ಅಪರ್ಚರ್ 16ಕ್ಕೆ ಇಟ್ಟು ಹಿಂದಿನ ಲಿವರ್ ತಳ್ಳಿ ಬಿಡಿ, ಬ್ಲೇಡುಗಳು ಪಟ್ ಅಂತ ಮುಚ್ಚಬೇಕು, ಎಣ್ಣೆ ಹತ್ತಿ ನಿಧಾನ ಆಗಿದ್ರೆ ಫೋಟೋ ಎಲ್ಲಾ ಬೆಳ್ಳಗೆ ಬರತ್ತೆ. ಕೊನೆಗೆ ಫೋಕಸ್ ರಿಂಗು ಇನ್ಫಿನಿಟಿಗೆ, ಅಂದ್ರೆ ತೀರಾ ದೂರದ ಗುರುತಿಗೆ, ತಿರುಗಿಸಿ ದೂರದ ಅಂತರಗಂಗೆ ಬೆಟ್ಟದ ಬಂಡೆ ನೋಡಿ. ಅದು ಶಾರ್ಪ್ ಆಗ್ಲಿಲ್ಲ ಅಂದ್ರೆ ಯಾರೋ ಬಿಚ್ಚಿ ಒಳಗಿನ ಥ್ರೆಡ್ಡು ತಪ್ಪಾಗಿ ಕೂರಿಸಿರೋ ಸಾಧ್ಯತೆ ಇದೆ, ಎಷ್ಟೇ ಕಮ್ಮಿ ರೇಟಿಗೆ ಕೊಟ್ರೂ ಆ ಲೆನ್ಸು ಅಲ್ಲೇ ಬಿಟ್ಟು ಬನ್ನಿ.