ಪೈಪಿನೊಳಗೆ ಅಂಟಿದ್ದ ಬೆಳ್ಳಿ

1960ರ ದಶಕದ ಆರಂಭ. ಕ್ಯಾಲಿಫೋರ್ನಿಯಾದ ಸಾಲ್ಟನ್ ಸರೋವರದ ಬಳಿ ಸುಮಾರು ಒಂದು ಮೈಲಿ ಆಳದ ಬಾವಿ ಕೊರೆದರು. ಬೇಕಿದ್ದದ್ದು ಕರೆಂಟ್ ತಯಾರಿಸಲು ಹಬೆ. ಸಿಕ್ಕಿದ್ದು 300 ಡಿಗ್ರಿ ಸೆಲ್ಸಿಯಸ್ ದಾಟಿದ, ಸಮುದ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಉಪ್ಪಿನ ನೀರು. ಮೂರು ತಿಂಗಳು ಹರಿಸುವಷ್ಟರಲ್ಲಿ ಪೈಪಿನ ಒಳಮೈಗೆ ಟನ್‌ಗಟ್ಟಲೆ ಗಟ್ಟಿ ಪದರ ಅಂಟಿಕೊಂಡಿತ್ತು. ಕೆರೆದು ಪರೀಕ್ಷೆ ಮಾಡಿದರೆ ಅದರಲ್ಲಿ ಸರಾಸರಿ ಶೇ 20ರಷ್ಟು ತಾಮ್ರ, ಶೇ 6ರವರೆಗೆ ಬೆಳ್ಳಿ!

ಇದು ಹೇಗೆ ಅಂದ್ರೆ, ಆಳದಲ್ಲಿ ಬಿಸಿ ನೀರು ಬಂಡೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು ಮೇಲೆ ಬಂದಾಗ ಒತ್ತಡ ಇಳಿಯುತ್ತದೆ, ಒಂದಷ್ಟು ಹಬೆಯಾಗಿ ಹೋಗುತ್ತದೆ, ಉಳಿದದ್ದು ತಣ್ಣಗಾಗುತ್ತಾ ಗಾಢವಾಗುತ್ತದೆ, ಆಗ ಕರಗಿದ್ದ ಸಿಲಿಕಾಕ್ಕೆ (ಮರಳಿನಲ್ಲಿರುವ ವಸ್ತು) ನೀರಿನಲ್ಲಿ ಜಾಗ ಸಾಲದೆ ಸಿಕ್ಕಿದ ಕಡೆಯೆಲ್ಲ ಕಲ್ಲಾಗಿ ಕೂರುತ್ತದೆ, ಲೋಹಗಳೂ ಅದರ ಜೊತೆಗೇ ಅಂಟಿಕೊಳ್ಳುತ್ತವೆ.

ಇಂಥ ನೀರಿನಿಂದ ಸರಕು ತೆಗೆಯುವುದು ಹೊಸ ಕನಸೇನಲ್ಲ. ಇಟಲಿಯ ಟಸ್ಕನಿಯಲ್ಲಿ ನೆಲದಿಂದ ಕುದಿಯುತ್ತಾ ಉಕ್ಕುವ ಹೊಂಡಗಳಿವೆ. 1777ರಲ್ಲಿ ಹೋಫರ್ ಎಂಬ ರಸಾಯನಜ್ಞ ಅವುಗಳಲ್ಲಿ ಬೋರಿಕ್ ಆಮ್ಲ ಕಂಡುಕೊಂಡರು. 1818ರಲ್ಲಿ ಫ್ರಾನ್ಸಿನ ಲಾರ್ದೆರೆಲ್ ಅದನ್ನು ತೆಗೆಯುವ ಉದ್ಯಮ ಶುರುಮಾಡಿದರು. ಮೊದಮೊದಲು ಸೌದೆ ಉರಿಸಿ ನೀರು ಬತ್ತಿಸುತ್ತಿದ್ದರು. 1827ರ ಹೊತ್ತಿಗೆ ಭೂಮಿಯ ಹಬೆಯ ಶಾಖವನ್ನೇ ಒಲೆಯಾಗಿ ಬಳಸಿದರು. ಎಂಥ ಸೊಗಸಾದ ಯೋಚನೆ ಅಲ್ವಾ? ಅದೇ ಜಾಗದ ಹಬೆಯಿಂದ ಐದು ಬಲ್ಬು ಉರಿದದ್ದು 1904ರಲ್ಲಿ. ಅಂದರೆ ಮೊದಲು ಬಂದದ್ದು ರಾಸಾಯನಿಕ, ಆಮೇಲೆ ಕರೆಂಟ್. ಇದನ್ನು ನಾವು ಮರೆತೇಬಿಟ್ಟಿದ್ದೇವೆ.

ಸಾಲ್ಟನ್‌ನಲ್ಲಿ ಮೊದಲು ಪದರದ ಕಾಟ ತಪ್ಪಿಸಬೇಕಿತ್ತು. ನೀರಿಗೆ ಮೊದಲೇ ಸಿಲಿಕಾ ಕಣಗಳನ್ನು ಬೆರೆಸಿದರೆ ಹೊಸ ಸಿಲಿಕಾ ಪೈಪಿಗೆ ಅಂಟುವ ಬದಲು ಆ ಕಣಗಳ ಮೇಲೆ ಕೂರುತ್ತದೆ. ಈ ಉಪಾಯದಿಂದ 1980ರ ದಶಕದಲ್ಲಿ ಅಲ್ಲಿ ವಿದ್ಯುತ್ ಸ್ಥಾವರಗಳು ನಿಂತವು. ಮುಂದೆ ಸತು ತೆಗೆಯುವ ಘಟಕವೂ ಬಂತು, 2004ರಲ್ಲಿ ಮುಚ್ಚಿತು.

ಈಗ ಎಲ್ಲರ ಕಣ್ಣು ಬ್ಯಾಟರಿಗೆ ಬೇಕಾದ ಲಿಥಿಯಂ ಮೇಲೆ. ಸಾಲ್ಟನ್‌ನ ಆ ನೀರಿನಲ್ಲಿ ಲೀಟರಿಗೆ ಸುಮಾರು 200 ಮಿಲಿಗ್ರಾಂ ಇದೆ. ಅದರ ಜೊತೆಗೇ ಸೋಡಿಯಂ 50,000 ಮಿಲಿಗ್ರಾಂ! ಆ ಗುಂಪಿನಲ್ಲಿ ಲಿಥಿಯಂ ಒಂದನ್ನೇ ಆರಿಸಬೇಕು. ಅದಕ್ಕೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಪದರಗಳುಳ್ಳ ಹರಳುಗಳನ್ನು ಬಳಸುತ್ತಾರೆ. ಲಿಥಿಯಂ ಕ್ಲೋರೈಡ್ ಆ ಪದರಗಳ ನಡುವೆ ನುಸುಳಿ ಕೂರುತ್ತದೆ. ಆಮೇಲೆ ಉಪ್ಪು ಕಡಿಮೆ ಇರುವ ನೀರು ಹಾಯಿಸಿದರೆ ಬಿಟ್ಟುಕೊಡುತ್ತದೆ. ಉಳಿದ ನೀರು ಮತ್ತೆ ಭೂಮಿಗೆ. ಜರ್ಮನಿ, ಫ್ರಾನ್ಸ್ ಗಡಿಯ ರೈನ್ ಕಣಿವೆಯಲ್ಲೂ ಇದೇ ಪ್ರಯತ್ನ ನಡೆದಿದೆ.

ಸುದ್ದಿಯಲ್ಲೆಲ್ಲ ಲಿಥಿಯಂ ಜಪ. ಆದರೆ ಸಿಲಿಕಾ, ಕಬ್ಬಿಣ ಬಂದು ಆ ಹರಳುಗಳನ್ನು ಮುಚ್ಚಿಬಿಟ್ಟರೆ ಆಟ ಮುಗಿಯಿತು. ನನ್ನ ಪ್ರಕಾರ ಗೆಲುವು ಸೋಲು ನಿರ್ಧಾರ ಆಗುವುದು ಅಲ್ಲೇ. ನ್ಯೂಜಿಲೆಂಡಿನ ಒಹಾಕಿಯಲ್ಲಿ ಸಿಲಿಕಾವನ್ನೇ ಸರಕಾಗಿ ತೆಗೆದರು. ಸಿಲಿಕಾ ಹೋದ ನೀರನ್ನು ಪೈಪು ಕಟ್ಟಿಕೊಳ್ಳುವ ಭಯ ಕಡಿಮೆಯಾಗಿ ಇನ್ನಷ್ಟು ತಣಿಸಬಹುದು. ಅಷ್ಟು ಶಾಖವೂ ಜಾಸ್ತಿ ಸಿಗುತ್ತದೆ.