ಪ್ರತಿಕಾಯ: ಹಿಡಿಯುವ ತೋಳು, ಕರೆಯುವ ಬುಡ

ಪ್ರತಿಕಾಯ ಎಂದರೆ ಲ್ಯಾಬ್ ರಿಪೋರ್ಟಿನಲ್ಲಿ ಆಂಟಿಬಾಡಿ ಎಂದು ಬರುವ ಪ್ರೋಟೀನು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಬಿ ಕೋಶಗಳು ಬಲಿತು ಪ್ಲಾಸ್ಮಾ ಕೋಶಗಳಾದಾಗ ಇದನ್ನು ತಯಾರಿಸಿ ಹೊರಬಿಡುತ್ತವೆ. ಇದೇ ರೋಗಾಣುವನ್ನು ಕೊಲ್ಲುತ್ತದೆ ಎಂದುಕೊಳ್ಳುವವರು ಹೆಚ್ಚು. ನಿಜದಲ್ಲಿ ಇದು ಹಿಡಿಯುತ್ತದೆ. ಕೊಲ್ಲುವುದು ಬಹುಮಟ್ಟಿಗೆ ಬೇರೆಯವರ ಕೆಲಸ.

ರಕ್ತದಲ್ಲಿ ಅತಿ ಹೆಚ್ಚು ಇರುವ ಬಗೆ ಐಜಿಜಿ. ಆಕಾರ ಕವೆಗೋಲಿನಂತೆ: ಎರಡು ತೋಳು, ಒಂದು ಬುಡ, ನಡುವೆ ಬಾಗುವ ಕೀಲು. ಅಮೈನೋ ಆಮ್ಲಗಳನ್ನು ಪೋಣಿಸಿದ ಎರಡು ಭಾರ ಸರಪಳಿ, ಎರಡು ಹಗುರ ಸರಪಳಿ ಗಂಧಕದ ಬಂಧಗಳಿಂದ ಕೂಡಿಕೊಂಡಿರುತ್ತವೆ; ಒಂದೊಂದು ತೋಳಿನಲ್ಲೂ ಭಾರದ್ದೊಂದು, ಹಗುರದ್ದೊಂದು. ಒಟ್ಟು ತೂಕ ಸುಮಾರು 1,50,000 ಡಾಲ್ಟನ್ (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ). ಪ್ರತಿ ಸರಪಳಿಯ ತೋಳಿನ ಕಡೆಯ ತುದಿಯಲ್ಲಿ ಸುಮಾರು 110 ಅಮೈನೋ ಆಮ್ಲಗಳಷ್ಟು ಭಾಗ ಒಂದು ಪ್ರತಿಕಾಯದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಅದರಲ್ಲೂ ರೋಗಾಣುವಿಗೆ ಮುಖ್ಯವಾಗಿ ತಾಗುವುದು ಸರಪಳಿಗೆ ಮೂರರಂತೆ ತೋಳಿಗೆ ಆರು ಸಣ್ಣ ಕುಣಿಕೆಗಳು. 1959ರಲ್ಲಿ ಬ್ರಿಟಿಷ್ ಜೀವರಸಾಯನ ವಿಜ್ಞಾನಿ ರಾಡ್ನಿ ಪೋರ್ಟರ್ ಪರಂಗಿಕಾಯಿ ಹಾಲಿನ ಪೆಪೈನ್ ಕಿಣ್ವದಿಂದ ಪ್ರತಿಕಾಯವನ್ನು ಕತ್ತರಿಸಿದಾಗ ಮೂರು ತುಂಡು ಸಿಕ್ಕವು. ಎರಡು ತುಂಡುಗಳಿಗೆ ಹಿಡಿತ ಉಳಿದಿತ್ತು, ಮೂರನೆಯದಕ್ಕೆ ಇರಲಿಲ್ಲ. ಆ ಮೂರನೆಯದೇ ಬುಡ.

ಹಿಡಿತವೊಂದೇ ಸಾಕಾಗುವ ಸಂದರ್ಭಗಳೂ ಉಂಟು. ವೈರಸ್ ಕೋಶಕ್ಕೆ ಅಂಟುವ ಜಾಗವನ್ನೇ ತೋಳುಗಳು ಮುಚ್ಚಿಬಿಟ್ಟರೆ ಅದು ಒಳಹೋಗಲಾರದು. ಉಳಿದ ಕಡೆ ಬುಡ ಬೇಕು. ಭಕ್ಷಕ ಕೋಶಗಳು ಬುಡವನ್ನು ಗುರುತಿಸಿ ರೋಗಾಣುವನ್ನು ನುಂಗುತ್ತವೆ. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸಾಲು ಬುಡದಿಂದಲೇ ಚಾಲೂ ಆಗಿ ಕೆಲವು ಬ್ಯಾಕ್ಟೀರಿಯಾಗಳ ಪೊರೆಗೆ ತೂತು ಕೊರೆಯುತ್ತದೆ. ಬುಡದ ಬಗೆ ನೋಡಿಯೇ ಐಜಿಎಂ, ಐಜಿಜಿ, ಐಜಿಎ, ಐಜಿಇ, ಐಜಿಡಿ ಎಂಬ ಐದು ಹೆಸರುಗಳು. ಬಿ ಕೋಶ ತೋಳಿನ ತುದಿಯನ್ನು ಹಾಗೇ ಉಳಿಸಿಕೊಂಡು ಬುಡವನ್ನಷ್ಟೇ ಬದಲಿಸಬಲ್ಲದು. ಸೋಂಕಿನಲ್ಲಿ ಮೊದಲು ಬರುವ ಐಜಿಎಂನಲ್ಲಿ ಐದು ಘಟಕಗಳು ಕೂಡಿ ಹತ್ತು ತೋಳು. ಒಂದೊಂದರ ಹಿಡಿತ ಸಡಿಲವಾದರೂ ಸಂಖ್ಯೆ ಆ ಕೊರತೆ ತುಂಬುತ್ತದೆ.

ಇದೇ ಬುಡ ಕೈಕೊಡುವುದು ಡೆಂಗಿಯಲ್ಲಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆಗೆಂದು ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸದೆ ಇರಬಹುದು. ಭಕ್ಷಕ ಕೋಶಕ್ಕೆ ಬುಡ ಕಾಣುತ್ತದೆ, ವೈರಸ್ ಸಮೇತ ಒಳಗೆಳೆದುಕೊಳ್ಳುತ್ತದೆ. ತೊಂದರೆಯೆಂದರೆ ಡೆಂಗಿ ವೈರಸ್ ಬೆಳೆಯುವುದೇ ಆ ಕೋಶದೊಳಗೆ. ಎರಡನೇ ಸಲ ಬೇರೆ ಬಗೆಯ ಡೆಂಗಿ ಬಂದಾಗ ಕಾಯಿಲೆ ಉಲ್ಬಣಿಸುವ ಅಪಾಯ ಹೆಚ್ಚುವುದಕ್ಕೆ ಇದು ಮುಖ್ಯ ಕಾರಣವೆಂದು ತಜ್ಞರ ಎಣಿಕೆ.

ರಕ್ತಪರೀಕ್ಷೆಯಲ್ಲಿ ಎಡವಟ್ಟಾಗುವುದು ದಿನದ ಲೆಕ್ಕದಲ್ಲಿ. ಡೆಂಗಿ ಐಜಿಎಂ ಸಾಮಾನ್ಯವಾಗಿ ಜ್ವರದ 4-5ನೇ ದಿನದಿಂದ ಕಾಣಿಸಿಕೊಳ್ಳುತ್ತದೆ. ಎರಡನೇ ದಿನವೇ ಪರೀಕ್ಷಿಸಿ ನೆಗೆಟಿವ್ ಬಂದರೆ ಡೆಂಗಿ ಅಲ್ಲವೆಂದು ನಿರಾಳವಾಗುವಂತಿಲ್ಲ. ಮೊದಲ ದಿನಗಳಲ್ಲಿ ವೈರಸ್ಸಿನದೇ ಪ್ರೋಟೀನಾದ ಎನ್‌ಎಸ್1 ಹುಡುಕಬೇಕು. ಐಜಿಜಿ ಮಾತ್ರ ಪಾಸಿಟಿವ್ ಬಂದರೆ ಅದು ಹಳೆಯ ಸೋಂಕಿನ ಗುರುತಿರಬಹುದು. ಆದರೆ ಎರಡನೇ ಸೋಂಕಿನಲ್ಲಿ ಐಜಿಜಿ ಬೇಗನೆ ಏರಿ ಐಜಿಎಂ ತೀರ ಕಡಿಮೆ ಇರುವುದೂ ಉಂಟು. ಇನ್ನು ಐಜಿಎಂ ರಕ್ತದಲ್ಲಿ ಎರಡು-ಮೂರು ತಿಂಗಳು ಉಳಿಯುವುದರಿಂದ, ಇವತ್ತಿನ ಪಾಸಿಟಿವ್ ಹೋದ ತಿಂಗಳ ಜ್ವರದ್ದಾಗಿರಲೂಬಹುದು.